ಬೀಜಕ್ಕೆ ಬಿಟ್ಟ ಬಟಾಣಿ

ಡೋರೀನ್ ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಿಂತು ಹಸಿ ಬಟಾಣಿ ಕಾಯಿ ಕೀಳುತ್ತಿದ್ದಳು. ಅವತ್ತೊಂದು ದಿನ ತಾನೇ ನೀರು ತರಲು ಹೋಗಿದ್ದ ಗಂಡ ನೆವಿಲ್ ವಾಪಸು ಬಂದವನು, ತನ್ನ ಮನೆಗೆ ಕನ್ನ ಬೀಳುವುದನ್ನು ಕಣ್ಣಾರೆ ಕಂಡವನ ಹಾಗೆ ಅಲ್ಲೇ ನಿಂತುಬಿಟ್ಟ.

"ಡೋರೀನ್, ಅದು ಬೀಜಕ್ಕೆ ಬಿಟ್ಟಿದ್ದು."

"ಒಂಬತ್ತು ವರ್ಷದಿಂದ ಅದನ್ನೇ ಕೇಳ್ತಾ ಇದ್ದೀನಿ."

"ಕೆಳಗಿಳಿ ಮಾರಾಯ್ತಿ."

"ಇಳೀತೀನಿ. ಬುಟ್ಟಿ ತುಂಬಲಿ."

ಒಂಬತ್ತು ವರ್ಷದ ಹಿಂದೆ ಪಕ್ಕದ ತೋಟದ ಮುದುಕ ಏಮಸ್, ಊರು ಬಿಟ್ಟು ಮಗಳ ಮನೆಗೆ ಹೊರಟಾಗ, ತಂಬಾಕಿನ ಡಬ್ಬಿಯಲ್ಲಿ ಇಪ್ಪತ್ತೆರಡು ಕಾಳು ಹಾಕಿ ನೆವಿಲ್‌ನ ಕೈಗಿಟ್ಟಿದ್ದ. ನಮ್ಮಜ್ಜನ ಕಾಲದ ತಳಿ, ಬೇರೆ ಯಾರ ಹತ್ತಿರವೂ ಇಲ್ಲ, ಕಳೀಬೇಡ ಅಂದಿದ್ದ. ಅಷ್ಟೇ ಸಾಕಾಯಿತು. ಹ್ಯಾಲಿಫ್ಯಾಕ್ಸ್ ಊರಿನ ಗುಡ್ಡದ ಮೇಲೆ ಪುರಸಭೆಯವರು ತುಂಡು ತುಂಡಾಗಿ ಬಾಡಿಗೆಗೆ ಕೊಟ್ಟ ತೋಟಗಳಲ್ಲಿ ಉಳಿದವರೆಲ್ಲ ಮೊಣಕಾಲೆತ್ತರದ ಬಟಾಣಿ ಹಾಕಿ, ಬೇಗ ಕಿತ್ತು, ಬೆಣ್ಣೆ ಹಾಕಿಕೊಂಡು ತಿಂದು ಮುಗಿಸುತ್ತಿದ್ದರು. ನಡು ಬಗ್ಗಿಸಿ ಕೀಳಬೇಕಾದ ಬಟಾಣಿಯೂ ಒಂದು ಬಟಾಣಿಯೇ? ಎಂದು ನೆವಿಲ್ ಮೂಗು ಮುರಿಯುತ್ತಿದ್ದ. ಅವನ ಬಳ್ಳಿ ಕೋಲು ಹತ್ತಿ, ಬಲೆ ಹತ್ತಿ, ಎಂಟಡಿ ದಾಟಿ, ಮೇಲೆ ಹಿಡಿಯಲು ಏನೂ ಸಿಗದೆ ಗಾಳಿಯಲ್ಲೇ ತಡಕಾಡುತ್ತಿತ್ತು. ಕಾಯಿ ಬಳ್ಳಿಯಲ್ಲೇ ಒಣಗಬೇಕು, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಆಮೇಲೆ ಸುಲಿದು, ಹತ್ತು ಹತ್ತು ಕಾಳು ಲಕೋಟೆಗೆ ಹಾಕಿ, ಕೇಳಿದವರಿಗೆ ಅಂಚೆಯಲ್ಲಿ ಕಳಿಸಬೇಕು. ಮನೆಯ ಊಟಕ್ಕೆ ಮಾತ್ರ ಅಂಗಡಿಯಿಂದ ತಂದು ಫ್ರೀಜರ್‌ನಲ್ಲಿಟ್ಟ ಪ್ಯಾಕೆಟ್ ಬಟಾಣಿ.

ನೀರು ಹೊತ್ತವಳು ಡೋರೀನ್, ದಾರ ಕಟ್ಟಿದವಳು ಡೋರೀನ್, ಪಾರಿವಾಳ ಓಡಿಸಿ ಗಂಟಲು ಕಟ್ಟಿಸಿಕೊಂಡವಳೂ ಡೋರೀನ್. ಒಂದೇ ಒಂದು ಕಾಳು ಅವಳ ಬಾಯಿಗೆ ಬಿದ್ದಿರಲಿಲ್ಲ. ಹೊಟ್ಟೆ ಉರಿಯದೆ ಇನ್ನೇನಾದೀತು?

"ಇವತ್ತಿಗೆ ನನಗೆ ಅರವತ್ತೆಂಟು ತುಂಬ್ತು," ಎಂದಳು, ಮೇಲಿನಿಂದಲೇ. "ಕೇಕ್ ಬೇಡ, ಹೂವು ಬೇಡ. ಒಂದು ತಟ್ಟೆ ಬಟಾಣಿ ಬೇಕು, ಅಷ್ಟೇ."

"ಮುಂದಿನ ವರ್ಷ ಖಂಡಿತ..."

"ಮುಂದಿನ ವರ್ಷ ನಾನಿರ್ತೀನಿ ಅಂತ ನಿನ್ನ ಯಾವ ಲಕೋಟೆ ಮೇಲೆ ಬರೆದಿದೆ? ಹೋಗಲಿ, ನಿನ್ನ ಹತ್ರ ಬೀಜ ತರಿಸ್ಕೊಂಡವರಾದ್ರೂ ತಿಂದಿದ್ದಾರಾ?"

ನೆವಿಲ್ ಸ್ವಲ್ಪ ಯೋಚಿಸಿದ. "ಅವರೂ ಬೀಜಕ್ಕೇ ಬಿಡ್ತಾರೆ."

ಡೋರೀನ್ ತುದಿಯ ಎಳೆಕಾಯಿಗಳಿಗೆ ಕೈ ಚಾಚಿದಳು. ಏಣಿ ವಾಲಿತು. ನೆವಿಲ್ ನೀರಿನ ಕ್ಯಾನ್ ಕೆಳಗಿಟ್ಟು ಓಡಿಬಂದು, ಗೊಣಗುತ್ತಲೇ, ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ತೋಟದ ಮೂಲೆಯ ಶೆಡ್ಡಿನಲ್ಲಿ, ಚಹಾ ಕಾಯಿಸುವ ಪುಟ್ಟ ಒಲೆಯ ಮೇಲೆ, ನಾಲ್ಕು ಪುದೀನಾ ಎಲೆ ಹಾಕಿ ಅವಳು ಕಾಳು ಬೇಯಿಸಿ, ಮೇಲೆ ಒಂದು ತುಂಡು ಬೆಣ್ಣೆ ಹಾಕಿದಳು. ನೆವಿಲ್ ಬಕೆಟ್ ಬೋರಲು ಹಾಕಿಕೊಂಡು ಎದುರಿಗೆ ಕೂತಿದ್ದ. ತಟ್ಟೆ ಅವನ ಕಡೆಗೂ ಒಂದು ಸರ್ತಿ ಸರಿಸಿದ್ದಾಯಿತು. "ನನಗೆ ಬೇಡ, ಹುಟ್ಟುಹಬ್ಬ ನಿಂದು," ಎಂದ.

ಡೋರೀನ್ ಒಂದು ದೊಡ್ಡ ಚಮಚ ತುಂಬಿ ಬಾಯಿಗಿಟ್ಟಳು.

ಸಿಪ್ಪೆ ಕಾಗದ. ಒಳಗೆ ಸೀಮೆಸುಣ್ಣ. ಸಿಹಿ ಅನ್ನುವುದರ ಸುಳಿವೂ ಇಲ್ಲ. ಎಷ್ಟು ಅಗಿದರೂ ಅಷ್ಟೇ ಉಳಿಯುತ್ತಿತ್ತು, ಬೆಣ್ಣೆ ಮಾತ್ರ ಗಂಟಲಿಗೆ ಇಳಿದುಹೋಯಿತು. ಇದಕ್ಕಾ ಒಂಬತ್ತು ವರ್ಷ ನೀರು ಹೊತ್ತದ್ದು? ನಗು ಬಂತು, ಅಳುವೂ ಬಂತು. ಬೈಯಲೆಂದು ತಲೆ ಎತ್ತಿದರೆ, ನೆವಿಲ್ ಪರೀಕ್ಷೆಯ ಫಲಿತಾಂಶ ಕೇಳಲು ಬಂದ ಹುಡುಗನ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದ. ಅಯ್ಯೋ ಪಾಪ ಅನ್ನಿಸಿಬಿಟ್ಟಿತು ಅವಳಿಗೆ.

"ಹೇಗಿದೆ?"

"ಚೆನ್ನಾಗಿದೆ."

"ನಿಜವಾಗ್ಲೂ?"

"ಸುಳ್ಳು ಯಾಕೆ ಹೇಳ್ಲಿ? ಸಿಹಿ ಅಂದ್ರೆ ಸಿಹಿ. ಬೆಣ್ಣೆ ಥರ ಕರಗ್ತಿದೆ."

ನೆವಿಲ್ ಶೆಡ್ಡಿನ ಬಾಗಿಲಾಚೆಯ ನೀರಿನ ಡ್ರಮ್ಮಿನ ಕಡೆ ನೋಡಿದ. ಅವನ ಕಿವಿಗಳು ನಿಧಾನವಾಗಿ ಕೆಂಪಾದವು.

"ಡೋರೀನ್, ಮೊದಲನೇ ವರ್ಷವೇ ಒಂದು ಕಾಯಿ ಕದ್ದು ತಿಂದಿದ್ದೆ ಕಣೇ. ತಿಂದವನು ಆ ನೀರಿನ ಡ್ರಮ್ಮಿನ ಹಿಂದೆ ಹೋಗಿ ಉಗಿದು ಬಂದೆ. ಏಮಸ್‌ಗೆ ಮಾತು ಕೊಟ್ಟಾಗಿತ್ತು. ನಿನ್ನ ಬಾಯಿಗೆ ಬಿದ್ರೆ ಬಳ್ಳಿ ಕಿತ್ತು ಎಸಿ ಅಂತೀಯ ಅಂತ ಹೆದರಿ, ಬೀಜ ಬೀಜ ಅಂತ ನೆಪ ಹೇಳ್ಕೊಂಡು ಬಂದೆ."

ಡೋರೀನ್‌ಳ ಚಮಚ ಗಾಳಿಯಲ್ಲೇ ನಿಂತಿತು. ಒಂಬತ್ತು ವರ್ಷ ಸುಳ್ಳು ಹೇಳಿದವನ ಮೇಲೆ ಎಗರಿಬೀಳೋಣವೆಂದರೆ, ಈಗತಾನೇ ಹೇಳಿದ ತನ್ನ ಸುಳ್ಳು ಇನ್ನೂ ಬಾಯಿ ತುಂಬ ಇತ್ತು. ನುಂಗಿಯೂ ಆಗಿರಲಿಲ್ಲ.

ನೆವಿಲ್ ಎದ್ದು, ಪಾತ್ರೆಯಲ್ಲಿ ಮಿಕ್ಕಿದ್ದನ್ನೆಲ್ಲ ಕೆರೆದು ಅವಳ ತಟ್ಟೆಗೆ ಸುರಿದ. ಅವನ ಮುಖ ಗಂಭೀರವಾಗಿಯೇ ಇತ್ತು, ಮೀಸೆಯ ಒಂದು ತುದಿ ಮಾತ್ರ ಅದುರುತ್ತಿತ್ತು.

"ನಿನಗೆ ಇಷ್ಟ ಆಯ್ತಲ್ಲ, ನನ್ನ ಎದೆ ಭಾರ ಇಳೀತು. ತಿನ್ನು. ಮುಂದಿನ ವರ್ಷ ನಿನಗೇ ಅಂತ ಒಂದು ಸಾಲು ಹಾಕಿಬಿಡ್ತೀನಿ."

ಡೋರೀನ್ ತಟ್ಟೆ ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಚಮಚ ತುಂಬಿಸಿ ಬಾಯಿಗಿಟ್ಟು, ಅವನ ಕಣ್ಣಿನಿಂದ ಕಣ್ಣು ಕೀಳದೆ, ಕೊನೆಯ ಕಾಳಿನವರೆಗೂ ಅಗಿದು ನುಂಗಿದಳು.

"ಎರಡು ಸಾಲು ಹಾಕು," ಎಂದಳು.