ಏಳು ದಿನದ ಬ್ಯಾಗು

ನುಸಿಗುಳಿಗೆಯ ವಾಸನೆ ಬಂತೆಂದರೆ ಅಮ್ಮ ಎಲ್ಲಿಗೋ ಹೊರಟಳೆಂದೇ ಚಿಕ್ಕಂದಿನಲ್ಲಿ ಅವಳಿಗೆ ಗೊತ್ತಾಗುತ್ತಿತ್ತು. ಇಂದು ಪೆಟ್ಟಿಗೆ ತೆರೆದವಳು ಅವಳೇ. ಮರುಭೂಮಿಯ ಡೇರೆಗಳಲ್ಲಿ ಏಳು ದಿನದ ಉತ್ಸವ ಎಂದು ಗಂಡನಿಗೆ ಹೇಳಿದ್ದಳು. ವಾಪಸು ಬರುವುದಿಲ್ಲವೆಂದು ಮಾತ್ರ ಹೇಳಿರಲಿಲ್ಲ. ಡಿಗ್ರಿ ಸರ್ಟಿಫಿಕೇಟುಗಳನ್ನು ಬ್ಯಾಗಿನ ತಳದಲ್ಲಿಟ್ಟು ಮೇಲೆ ಕಂಬಳಿ ಮುಚ್ಚಿದಳು.

"ಅಲ್ಲಿ ಚಳಿ ಕೊರೆಯುತ್ತಂತೆ. ಸ್ವೆಟರ್ ಇಟ್ಕೊಂಡ್ಯಾ?"

"ಇಟ್ಕೊಂಡೆ ಕಣ್ರೀ. ನೀವ್ಯಾಕೆ ಇಷ್ಟು ಒದ್ದಾಡ್ತೀರ? ಏಳೇ ದಿನ ಅಲ್ವಾ!"

"ಹೂಂ, ಏಳೇ ದಿನ," ಎಂದು ಅವನು ನಕ್ಕ.

ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬ್ಯಾಗಿನ ಜಿಪ್ ಎಳೆದು ಬಾಗಿಲ ಬಳಿ ತಂದಿಟ್ಟಿದ್ದ. ಆಟೊ ಬಂತು.

"ಚಪಾತಿ ನಾಳೆವರೆಗೂ ಇರುತ್ತೆ. ಮರಳು ಎಲ್ಲದರೊಳಗೂ ನುಗ್ಗುತ್ತಂತೆ, ಸರ್ಟಿಫಿಕೇಟ್‌ಗಳಿಗೆ ಪ್ಲಾಸ್ಟಿಕ್ ಸುತ್ತಿದೀನಿ," ಎನ್ನುತ್ತ ಅವನು ಊಟದ ಡಬ್ಬಿಯನ್ನು ಮೆಲ್ಲಗೆ ಅವಳ ಕೈಗಿಟ್ಟ.