ವಾರದ ತಪಾಸಣೆ

ಬುಧವಾರದ ರಾತ್ರಿ ಪಾಳಿಯಲ್ಲಿ ಪಂಪಿನೊಳಗಿಂದ ಕಿಟಿಕಿಟಿ ಎಂಬ ಸಣ್ಣ ಸದ್ದು ಕೇಳಿತು. ಇಂಜಿನಿಯರಿಂಗ್ ಓದುತ್ತ ಒಂದು ವರ್ಷದ ತರಬೇತಿಗೆಂದು ಕಾರ್ಖಾನೆಗೆ ಬಂದಿದ್ದ ನಾಗವೇಣಿ ಓಡಿಹೋಗಿ ಸೂಪರ್‌ವೈಸರ್‌ಗೆ ಹೇಳಿದಳು.

"ಮೊದ್ಲು ನಿನ್ ಕಿವಿ ತೋರಿಸ್ಕೊಳಮ್ಮ," ಎಂದು ಆತ ನಕ್ಕ. ಎದ್ದು ನೋಡಲಿಲ್ಲ. ಇಡೀ ವಾರದ ತಪಾಸಣೆ ಹಾಳೆಗಳನ್ನು ಸೋಮವಾರವೇ ತುಂಬಿ, 'ಪಂಪು ಸರಿಯಿದೆ' ಎಂದು ಸಹಿ ಹಾಕಿಟ್ಟುಬಿಡುವುದು ಅವನ ಪದ್ಧತಿ. ಆಯಾ ದಿನದ ಹಾಳೆಯನ್ನು ಫೈಲಿಗೆ ಸೇರಿಸುವುದು ಅವಳ ಕೆಲಸ.

ಶುಕ್ರವಾರ ಬೆಳಿಗ್ಗೆ ಪಂಪು ಸುಟ್ಟುಹೋಯಿತು.

"ನಾನು ದಿನಾ ಖುದ್ದು ಚೆಕ್ ಮಾಡಿದೀನಿ ಸಾರ್, ಚೆನ್ನಾಗೇ ಇತ್ತು," ಎಂದು ಆತ ಮ್ಯಾನೇಜರ್ ಮುಂದೆ ಫೈಲು ಇಟ್ಟ. "ಈ ಹುಡುಗೀನೇ ರಾತ್ರಿ ಏನೋ ಮುಟ್ಟಿ ಕೆಡಿಸಿದಾಳೆ. ಇವಳಿಗೆ ಸರ್ಟಿಫಿಕೇಟ್ ಕೊಡ್ಲೇಬೇಡಿ."

ನಾಗವೇಣಿ ತಲೆ ತಗ್ಗಿಸಿ ನಿಂತಿದ್ದಳು.

ಮ್ಯಾನೇಜರ್ ಫೈಲು ತೆರೆದು ಕನ್ನಡಕ ಸರಿಮಾಡಿಕೊಂಡರು. "ಏನ್ರೀ, ಇವತ್ತಿನ್ನೂ ಶುಕ್ರವಾರ. ನಾಳೆಯ ಪಂಪನ್ನೂ ಇವತ್ತೇ ಖುದ್ದು ಚೆಕ್ ಮಾಡ್ಕೊಂಡು ಬಂದ್ಬಿಟ್ರಾ?"

ಶನಿವಾರದ ಹಾಳೆಯನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟವರು ಯಾರೆಂದು ಯಾರಿಗೂ ಹೇಳಬಾರದೆಂದು ಅವಳು ಬೆಳಿಗ್ಗೆಯೇ ನಿರ್ಧರಿಸಿದ್ದಳು.