ರಾಗಿ ಬೀಸಿದವರು ಯಾರು?

“ಕಾಯ್ಲೇನಾ? ನಮ್ಮೂರ್ನಾಗಾ?” ಸೊಣ್ಣಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. “ಯಾರ್ಗೂ ಏನೂ ಇಲ್ಲ ಕಣವ್ವ. ಎಲ್ಲಾ ಗುಂಡುಕಲ್ಲಿನಂಗೆ ಅವ್ರೆ.”

ಆರೋಗ್ಯ ಇಲಾಖೆಯಿಂದ ಬಂದಿದ್ದ ಅನುಸೂಯಮ್ಮ ತನ್ನ ಕೈಯಲ್ಲಿದ್ದ ಅಚ್ಚಿನ ಹಾಳೆಯಲ್ಲಿ ‘ಮನೆಯಲ್ಲಿ ಕಾಯಿಲೆಯವರು ಇದ್ದಾರೆಯೇ?’ ಎಂಬ ಪ್ರಶ್ನೆಯ ಎದುರು ‘ಇಲ್ಲ’ ಎಂದು ಬರೆದಳು. ದೊಡ್ಡಬೆಳವಂಗಲದ ಆಚೆಯ ಆ ಪುಟ್ಟ ಹಳ್ಳಿಯಲ್ಲಿ ಅದು ಇಪ್ಪತ್ತಾರನೆಯ ‘ಇಲ್ಲ’. ಅದೇ ಕೊನೆಯ ಮನೆ. ಯುದ್ಧ ಬಂದು, ಮಲೇರಿಯಾ ಚಳಿಜ್ವರದ ಮದ್ದು ಕ್ವಿನೈನ್ ಚಿನ್ನವಾಗಿತ್ತು. ಕಾಯಿಲೆಯವರು ಹತ್ತು ಮನೆಯಲ್ಲಾದರೂ ಇಲ್ಲದ ಊರಿಗೆ ಒಂದು ಗುಳಿಗೆಯನ್ನೂ ಕೊಡಕೂಡದೆಂದು ಇಲಾಖೆಯ ಸಾಹೇಬರ ಅಪ್ಪಣೆ. ಆದರೆ ಕೆರೆಯ ಮಗ್ಗುಲಲ್ಲಿದ್ದ ಆ ಊರಿನ ಹೆಂಗಸರ ಮುಖಗಳಲ್ಲಿ ರಕ್ತವೇ ಇರಲಿಲ್ಲ.

ಕಾಂಪೌಂಡರ್ ನಜೀಬುಲ್ಲಾ ಗುಳಿಗೆಯ ಡಬ್ಬಿಯನ್ನು ಸೈಕಲ್ಲಿಗೆ ಹಗ್ಗದಿಂದ ಬಿಗಿಯುತ್ತಿದ್ದ. “ಬನ್ನಿ ಅಮ್ಮಾ, ಮುಂದಿನ ಊರಿಗೆ ಹೋಗೋಣ. ಇವರು ನಮ್ಮಂಥೋರ ಹೊಟ್ಟೆ ಮೇಲೆ ಹೊಡೆಯೋ ಜನ!”

ಅವಳು ಹಾಳೆ ಮಡಿಸುವಷ್ಟರಲ್ಲಿ ಸೊಣ್ಣಮ್ಮ ಮೊರ ಹಿಡಿದು ಎದುರು ಮನೆ ಹೊಕ್ಕಳು. ಒಳಗೆ ಬೀಸುವ ಕಲ್ಲು ಗುರುಗುಟ್ಟತೊಡಗಿತು. ಅನುಸೂಯಮ್ಮ ಬಗ್ಗಿ ನೋಡಿದಳು. ಮೂಲೆಯಲ್ಲಿ, ಆ ಉರಿಬಿಸಿಲ ಹೊತ್ತಿನಲ್ಲಿ, ಮನೆಯೊಡತಿ ಪಾಪಮ್ಮ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮುಂಚೆ ಬಾಗಿಲು ಹಿಡಿದು ನಿಂತು ‘ಇಲ್ಲ’ ಎಂದವಳು ಇವಳೇ.

“ಇದು ಕಾಯಿಲೆ ಅಲ್ವೇನಮ್ಮ?”

“ಚಳಿ ಕಣವ್ವ. ಬತ್ತದೆ, ಓಯ್ತದೆ,” ಎಂದಳು ಸೊಣ್ಣಮ್ಮ, ಕಲ್ಲು ನಿಲ್ಲಿಸದೆ. “ಇವತ್ತು ಇವ್ಳಿಗೆ, ನಾಳೀಕೆ ನಂಗೆ. ಇವತ್ತು ಇವ್ಳ ರಾಗಿ ನಾನು ಬೀಸಿದ್ರೆ ನಾಳೆ ನಂದು ಇವ್ಳು ಬೀಸ್ತಾಳೆ. ಮುಯ್ಯಿಗೆ ಮುಯ್ಯಿ. ಕಲ್ಲು ನಿಂತು ಮಕ್ಳು ಉಪಾಸ ಮಲಗಿದ್ರೆ ಅದು ಕಾಯ್ಲೆ. ನಮ್ಮೂರ್ನಾಗೆ ಒಂದಿನಾನೂ ಕಲ್ಲು ನಿಂತಿಲ್ಲ.”

“ದಪ್ಪಕ್ಕೆ ಬೀಸ್ತಾಳೆ ಮುದುಕಿ,” ಕಂಬಳಿಯೊಳಗಿಂದ ಪಾಪಮ್ಮ ಹಲ್ಲು ಕಟಕಟಿಸಿದಳು. “ಮುದ್ದೆ ಗಂಟಲಾಗೆ ಇಳಿಯಾಕಿಲ್ಲ.”

ಅನುಸೂಯಮ್ಮನಿಗೆ ಮೈಸೂರಿನ ತರಗತಿ ನೆನಪಾಯಿತು. ಫ್ರಾನ್ಸಿನ ವಿಜ್ಞಾನ ಚಿಂತಕರ ಪಾಠ. ಸಮಸ್ಯೆ ದಾರಿಯಲ್ಲಿ ಬಿದ್ದು ಸಿಗುವುದಿಲ್ಲ, ಅದನ್ನು ನಾವೇ ಕಟ್ಟಬೇಕು. ಕೇಳುವ ಪ್ರಶ್ನೆಯೇ ಸೊಟ್ಟಗಿದ್ದರೆ ಕಣ್ಣೆದುರಿನದೂ ಕಾಣುವುದಿಲ್ಲ ಎಂದಿದ್ದರು ಮೇಷ್ಟ್ರು. ಅದನ್ನು ಪರೀಕ್ಷೆಯಲ್ಲಿ ಬರೆದು, ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಮರೆತಿದ್ದಳು.

ಹಾಳೆ ಬಿಚ್ಚಿ ಅಚ್ಚಿನ ಪ್ರಶ್ನೆಯ ಮೇಲೆ ಗೀಟು ಎಳೆದಳು. ಕೆಳಗೆ ಬರೆದಳು: ‘ಈ ತಿಂಗಳು ನಿಮ್ಮ ರಾಗಿಯನ್ನು ಬೇರೆ ಯಾರಾದರೂ ಬೀಸಿಕೊಟ್ಟರೇ? ಏಕೆ?’

“ಅಯ್ಯೋ ಅಲ್ಲಾ! ಅಚ್ಚಾಗಿದ್ದನ್ನ ಹೊಡೆದು ಹಾಕಿದ್ರೆ ಸಾಹೇಬರು ನನ್ನ ಟೋಪಿ ಹಾರಿಸ್ತಾರೆ,” ಎಂದ ನಜೀಬುಲ್ಲಾ.

“ಕೈಬರಹ ನಂದು ಅಂತ ಅವರಿಗೆ ಹೇಳಿ, ನಜೀಬುಲ್ಲಾ. ಬನ್ನಿ, ಮೊದಲನೇ ಮನೆಯಿಂದ ಶುರು ಮಾಡೋಣ.”

ಬಿಸಿಲು ಇಳಿಯುವ ಹೊತ್ತಿಗೆ ಹತ್ತೊಂಬತ್ತು ಮನೆಗಳವರು ಯಾರ ಚಳಿಗೆ ಯಾರು ಬೀಸಿದರೆಂದು ಹೆಸರು ಹಿಡಿದು ಹೇಳಿದ್ದರು. ನಜೀಬುಲ್ಲಾ ಗುಳಿಗೆಯ ಡಬ್ಬಿಗೆ ಬಿಗಿದಿದ್ದ ಹಗ್ಗ ಬಿಚ್ಚಿದ.

ಗುಳಿಗೆ ಹಂಚುತ್ತ ಅನುಸೂಯಮ್ಮ ಪಾಪಮ್ಮನ ಮನೆಗೆ ಬಂದಾಗ ಸೊಣ್ಣಮ್ಮ ಕೊನೆಯ ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಸುರಿಯುತ್ತಿದ್ದಳು. ತಲೆಯೆತ್ತಿ, ಅನುಸೂಯಮ್ಮನ ಕುಂಕುಮವಿಲ್ಲದ ಹಣೆಯನ್ನು ಒಂದು ಗಳಿಗೆ ನೋಡಿದಳು.

“ಎಲ್ಲಾರ್ನೂ ನೀನು ಕೇಳ್ದೆ. ನಿನ್ನ ರಾಗಿ ಯಾರವ್ವ ಬೀಸ್ಕೊಡ್ತಾರೆ?”

ಗಂಡ ಹೋದ ಹದಿನಾಲ್ಕು ತಿಂಗಳಿಂದ, ಹೇಗಿದ್ದೀಯೆ ಎಂದು ಕೇಳಿದವರಿಗೆಲ್ಲ ಅನುಸೂಯಮ್ಮ ‘ಚೆನ್ನಾಗಿದ್ದೀನಿ’ ಎಂದೇ ಹೇಳುತ್ತ ಬಂದಿದ್ದಳು. ಈಗ ಹಾಳೆಯನ್ನು ಪಕ್ಕಕ್ಕಿಟ್ಟು ಕಲ್ಲಿನ ಬಳಿ ಕುಳಿತಳು.

ಸೊಣ್ಣಮ್ಮ ಕೊಂಚ ಸರಿದು ಕುಳಿತು, ಕಲ್ಲಿನ ಗೂಟದ ಮೇಲೆ ಇನ್ನೊಂದು ಕೈಗೆ ಜಾಗ ಬಿಟ್ಟಳು.